ಹೈಜೀನಿಸ್ಟ್, ಮೆಕ್ಯಾನಿಕ್, ಬಿಡಿಎಸ್: ಮಲೆನಾಡಿನ ಪಿಯುಸಿ ವಿದ್ಯಾರ್ಥಿಗೆ ಯಾವ ದಾರಿ?

ಪಿಯುಸಿ ಫಲಿತಾಂಶದ ಬೆನ್ನಿಗೇ ನೀಟ್ ಅಂಕವೂ ಬಂದ ಮೇಲೆ ನಮ್ಮ ಕಡೆಯ ಅನೇಕ ಮನೆಗಳಲ್ಲಿ ಒಂದೇ ಮಾತು ನಡೆಯುತ್ತದೆ. ಬಿಡಿಎಸ್ ಸೀಟು ಸಿಗುವ ಹಾಗಿಲ್ಲ, ಸಿಕ್ಕರೂ ಖಾಸಗಿ ಕಾಲೇಜಿನ ಶುಲ್ಕ ಈ ವರ್ಷದ ಅಡಿಕೆಗೆ ದಕ್ಕುವುದಿಲ್ಲ, ಹಲ್ಲಿನ ವಿಭಾಗದಲ್ಲಿಯೇ ಎರಡು ವರ್ಷದ ಕೋರ್ಸ್ ಇದೆಯಂತೆ, ಅದಕ್ಕೆ ಸೇರಿಸಿದರೆ ಹೇಗೆ? ತೀರ್ಥಹಳ್ಳಿ, ಹೊಸನಗರ, ಸಾಗರದ ಪೋಷಕರು ನನ್ನನ್ನು ಹೀಗೆ ಕೇಳುತ್ತಲೇ ಇರುತ್ತಾರೆ. ಶಿವಮೊಗ್ಗದಲ್ಲಿ ಡೆಂಟಲ್ ಹೈಜೀನಿಸ್ಟ್ ಆಗಿ ಕೆಲಸ ಮಾಡುತ್ತಾ, ಹೊಸಬರ ಕೈ ತಿದ್ದುತ್ತಾ ಬಂದವಳಾಗಿ ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಯಾವ ಕೋರ್ಸ್ ಎಂಬುದು ಅರ್ಧ ಪ್ರಶ್ನೆ ಮಾತ್ರ. ಓದಿನ ಅವಧಿಯಲ್ಲಿ ನಿಮ್ಮ ಮಗಳು ಅಥವಾ ಮಗ ಎಷ್ಟು ಜನರ ಬಾಯಿಯಲ್ಲಿ, ಯಾರ ಕಣ್ಣೆದುರು ಕೆಲಸ ಮಾಡುತ್ತಾರೆ ಎಂಬುದು ಉಳಿದ ಅರ್ಧ. ಅದನ್ನು ವಿಚಾರಿಸುವವರು ತೀರಾ ಕಡಿಮೆ.

ಕಾನೂನು ಹೇಳುವ ಮೂವರು

1948ರ ದಂತವೈದ್ಯರ ಕಾಯ್ದೆ ಮೂರು ವೃತ್ತಿಗಳನ್ನು ಬೇರೆಬೇರೆಯಾಗಿ ಗುರುತಿಸಿತು. ದಂತವೈದ್ಯರು ರೋಗ ಪತ್ತೆ ಮಾಡಿ ಚಿಕಿತ್ಸೆ ಕೊಡುವವರು. ಡೆಂಟಲ್ ಹೈಜೀನಿಸ್ಟ್ ಹಲ್ಲಿನ ಕಿಟ್ಟ ತೆಗೆಯುವ, ಹಲ್ಲನ್ನು ಶುಚಿಗೊಳಿಸಿ ಹೊಳಪು ಕೊಡುವ, ಬಾಯಿಯ ಸ್ವಚ್ಛತೆಯನ್ನು ಕಲಿಸಿಕೊಡುವ ವ್ಯಕ್ತಿ. ಡೆಂಟಲ್ ಮೆಕ್ಯಾನಿಕ್ ಹಲ್ಲಿನ ಸೆಟ್ ಮತ್ತಿತರ ಸಾಧನಗಳನ್ನು ತಯಾರಿಸುವ, ದುರಸ್ತಿ ಮಾಡುವ ವ್ಯಕ್ತಿ. ಮೂವರಿಗೂ ನೋಂದಣಿ ಉಂಟು, ಮೂವರ ಪಟ್ಟಿಯೂ ಪ್ರತ್ಯೇಕ. ಆ ಕಾಯ್ದೆಯ ಜಾಗಕ್ಕೆಂದು ಸಂಸತ್ತು 2023ರಲ್ಲಿ ರಾಷ್ಟ್ರೀಯ ದಂತ ಆಯೋಗ ಕಾಯ್ದೆಯನ್ನು ಅಂಗೀಕರಿಸಿದೆ. ಆದ್ದರಿಂದ ಕಾಲೇಜಿನವರು ತೋರಿಸುವ ಮಾನ್ಯತೆ ಪತ್ರ ಯಾವ ಸಂಸ್ಥೆಯದು, ಯಾವ ವರ್ಷದ್ದು ಎಂಬುದನ್ನು ಓದಿ ನೋಡಬೇಕು.

ನಾಲ್ಕನೆಯವರೂ ಇದ್ದಾರೆ: ಡೆಂಟಲ್ ಅಸಿಸ್ಟೆಂಟ್. ಊರಿನ ಕ್ಲಿನಿಕ್ಕುಗಳಲ್ಲಿ ಉಪಕರಣ ಜೋಡಿಸಿ, ಸಿಮೆಂಟ್ ಕಲಸಿ, ವೈದ್ಯರ ಕೈಗೆ ಕೊಡುವ ಹುಡುಗಿಯರು ಹೆಚ್ಚಾಗಿ ಇವರೇ. ದುಡಿಮೆ ದೊಡ್ಡದು, ಅವರಿಲ್ಲದೆ ಕ್ಲಿನಿಕ್ ನಡೆಯುವುದಿಲ್ಲ. ಆದರೆ ಕೆಲವು ತಿಂಗಳ ಅಸಿಸ್ಟೆಂಟ್ ಸರ್ಟಿಫಿಕೇಟನ್ನು ಹೈಜೀನಿಸ್ಟ್ ಅರ್ಹತೆ ಎಂದು ಹೇಳಿ ಹಣ ಕಟ್ಟಿಸಿಕೊಳ್ಳುವುದನ್ನು ಕಂಡಿದ್ದೇನೆ. ಅದು ಮೋಸ. ಅಂತಹ ಪತ್ರ ಹಿಡಿದು ರಾಜ್ಯ ದಂತ ಪರಿಷತ್ತಿಗೆ ಹೋದರೆ ನೋಂದಣಿ ಸಿಗುವುದಿಲ್ಲ, ಮಕ್ಕಳ ವರ್ಷ ಮಾತ್ರ ಕಳೆದಿರುತ್ತದೆ.

ಕುರ್ಚಿಯ ಪಕ್ಕವೋ, ಪ್ರಯೋಗಾಲಯದ ಮೇಜೋ

ಬಿಡಿಎಸ್ ಬಗ್ಗೆ ಎಲ್ಲರಿಗೂ ಗೊತ್ತಿರುವುದರಿಂದ ಬೇಗ ಮುಗಿಸುತ್ತೇನೆ. ನಾಲ್ಕು ವರ್ಷದ ಓದು, ಒಂದು ವರ್ಷದ ಇಂಟರ್ನ್‌ಶಿಪ್. ನೀಟ್ ಕಡ್ಡಾಯ. ಮುಗಿದ ಮೇಲೆ ಸ್ವಂತ ಕ್ಲಿನಿಕ್ ತೆರೆಯಬಹುದು. ಚಿಕಿತ್ಸೆಯ ಪೂರ್ತಿ ಜವಾಬ್ದಾರಿ ಹೊರುವ ಮನಸ್ಸು, ಐದು ವರ್ಷ ಸಂಬಳವಿಲ್ಲದೆ ಕಾಯುವ ಶಕ್ತಿ ಮನೆಗೆ ಇದ್ದರೆ ಮತ್ತು ಸರ್ಕಾರಿ ಸೀಟಿಗೆ ಸಾಕಾಗುವಷ್ಟು ಅಂಕ ಇದ್ದರೆ ಎರಡನೆಯ ಯೋಚನೆ ಬೇಡ. ಸಾಲ ಮಾಡಿ ಸೇರಿಸುವುದಾದರೆ ಸಾವಧಾನವಾಗಿ ಲೆಕ್ಕ ಹಾಕಿ. ಹೊಸ ಪದವೀಧರರು ನಗರಗಳಲ್ಲಿ ಮೊದಮೊದಲು ಪಡೆಯುವ ಸಂಬಳ ಆ ಸಾಲದ ಕಂತಿಗೆ ಸಾಲದೆ ಒದ್ದಾಡುವುದನ್ನು ನೋಡಿದ್ದೇನೆ.

ಹೈಜೀನಿಸ್ಟ್, ಮೆಕ್ಯಾನಿಕ್ ಡಿಪ್ಲೊಮಾಗಳೆರಡೂ ಎರಡೆರಡು ವರ್ಷದವು. ನೀಟ್ ಬೇಕಿಲ್ಲ, ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿರಬೇಕು. ಕಾಗದದ ಮೇಲೆ ಅವಳಿ ಮಕ್ಕಳಂತೆ ಕಂಡರೂ ದಿನಚರಿಯಲ್ಲಿ ಇವೆರಡಕ್ಕೂ ಸಂಬಂಧವೇ ಇಲ್ಲ. ಮೆಕ್ಯಾನಿಕ್ ದಿನವಿಡೀ ಪ್ಲಾಸ್ಟರ್, ಮೇಣ, ಅಕ್ರಿಲಿಕ್, ಲೋಹ, ಪಿಂಗಾಣಿಯ ನಡುವೆ ಇರುತ್ತಾರೆ. ರೋಗಿಯ ಮುಖ ಕಾಣುವುದಿಲ್ಲ, ಬಾಯಿಯ ಅಚ್ಚು ಮಾತ್ರ ಮೇಜಿಗೆ ಬರುತ್ತದೆ. ಕೈಚಳಕ, ಬಣ್ಣದ ಸೂಕ್ಷ್ಮ, ಮೌನವಾಗಿ ಗಂಟೆಗಟ್ಟಲೆ ಕೂರುವ ಗುಣ ಬೇಕು. ಈಗ ಕಂಪ್ಯೂಟರಿನಲ್ಲಿ ಹಲ್ಲು ವಿನ್ಯಾಸ ಮಾಡಿ ಯಂತ್ರದಲ್ಲಿ ಜಿರ್ಕೋನಿಯಾ ಕೊರೆಯುವ ಕೆಲಸವೂ ಇದಕ್ಕೆ ಸೇರಿರುವುದರಿಂದ ಗಣಕದಲ್ಲಿ ಆಸಕ್ತಿ ಇರುವ ಹುಡುಗರಿಗೆ ಒಳ್ಳೆಯ ಭವಿಷ್ಯವಿದೆ. ದೊಡ್ಡ ಅನುಕೂಲವೆಂದರೆ ಸ್ವಂತ ಲ್ಯಾಬ್ ಹಾಕಿಕೊಳ್ಳಬಹುದು. ಭದ್ರಾವತಿ, ಶಿಕಾರಿಪುರ, ಸೊರಬದ ಕ್ಲಿನಿಕ್ಕುಗಳಿಗೆ ಹಲ್ಲಿನ ಸೆಟ್, ಕ್ರೌನ್ ಮಾಡಿಕೊಟ್ಟು ಊರಿನ ಹತ್ತಿರವೇ ಬದುಕಬಹುದು. ಬಡತನ ರೇಖೆಗಿಂತ ಕೆಳಗಿನ ಹಿರಿಯರಿಗೆ ಉಚಿತ ಹಲ್ಲಿನ ಸೆಟ್ ಕೊಡುವ ರಾಜ್ಯದ ದಂತಭಾಗ್ಯ ಯೋಜನೆಯಂಥವು ನಡೆಯುವುದೂ ಕೊನೆಗೆ ಇವರ ಕೈಯಿಂದಲೇ.

ಹೈಜೀನಿಸ್ಟ್‌ಗೆ ಆ ಸ್ವಾತಂತ್ರ್ಯವಿಲ್ಲ. ದಂತವೈದ್ಯರ ಮೇಲ್ವಿಚಾರಣೆಯಲ್ಲಿಯೇ ಕೆಲಸ. ಹಲ್ಲು ಕೀಳುವುದು, ತುಂಬುವುದು, ಮರಗಟ್ಟಿಸುವ ಚುಚ್ಚುಮದ್ದು ಕೊಡುವುದು, ರೋಗ ನಿರ್ಣಯ ಹೇಳುವುದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ. ಅದರ ಬದಲಿಗೆ ಇರುವುದು ಜನರ ಒಡನಾಟ. ಬಾಯಿ ತೆರೆಯಲು ಹೆದರುವ ಮಗು, ಒಸಡಿನಿಂದ ರಕ್ತ ಬರುತ್ತದೆಂದು ಬ್ರಷ್ ಮಾಡುವುದನ್ನೇ ಬಿಟ್ಟ ಬಸುರಿ, ಸಕ್ಕರೆ ಕಾಯಿಲೆಯಿಂದ ಹಲ್ಲು ಅಲುಗಾಡುತ್ತಿರುವ ಅಜ್ಜ, ಇವರೆಲ್ಲ ನಿಮ್ಮ ಕುರ್ಚಿಗೆ ಬರುತ್ತಾರೆ. ಅಪರಿಚಿತರೊಂದಿಗೆ ಮಾತನಾಡಲು ಹಿಂಜರಿಯುವ, ರಕ್ತ ಮತ್ತು ಎಂಜಲಿಗೆ ಅಸಹ್ಯಪಡುವ ಮಕ್ಕಳನ್ನು ದಯವಿಟ್ಟು ಒತ್ತಾಯಿಸಿ ಇಲ್ಲಿಗೆ ಕಳಿಸಬೇಡಿ. ಸೇರಿಸುವ ಮೊದಲು ಪರಿಚಯದ ದಂತವೈದ್ಯರ ಅನುಮತಿ ಪಡೆದು ಒಂದು ದಿನ ಕ್ಲಿನಿಕ್ಕಿನಲ್ಲಿ ಕೂರಿಸಿ, ಇನ್ನೊಂದು ದಿನ ಲ್ಯಾಬಿನಲ್ಲಿ ಕೂರಿಸಿ. ಸಂಜೆ ಮನೆಗೆ ಬಂದು ಅವರು ಯಾವುದರ ಬಗ್ಗೆ ಮಾತನಾಡುತ್ತಾರೋ ಗಮನಿಸಿ.

ಎರಡು ವರ್ಷದಲ್ಲಿ ಏನೇನು ಕಲಿಯಬೇಕು

ಹೈಜೀನಿಸ್ಟ್ ಡಿಪ್ಲೊಮಾದ ಮೊದಲ ವರ್ಷ ಬಹುಪಾಲು ತರಗತಿಯಲ್ಲಿ ಕಳೆಯುತ್ತದೆ. ದೇಹರಚನೆ, ಶರೀರಕ್ರಿಯೆ, ಔಷಧಗಳ ಪರಿಚಯ, ಆಹಾರ ಮತ್ತು ಪೋಷಣೆ, ಸೂಕ್ಷ್ಮಜೀವಿಶಾಸ್ತ್ರ, ರೋಗಶಾಸ್ತ್ರದ ಮೂಲಪಾಠ, ದಂತ ಚಿಕಿತ್ಸೆಯಲ್ಲಿ ಬಳಸುವ ವಸ್ತುಗಳು, ಹಲ್ಲಿನ ಆಕಾರಶಾಸ್ತ್ರ. ಕನ್ನಡ ಮಾಧ್ಯಮದಿಂದ ಬಂದವರಿಗೆ ಇಲ್ಲಿ ಕಾಲು ಜಾರುವುದು ಲ್ಯಾಟಿನ್ ಹೆಸರುಗಳಲ್ಲಿ. ನನ್ನ ಸಲಹೆ, ಸೇರುವ ಮೊದಲಿನ ಬೇಸಿಗೆಯಲ್ಲೇ ಹಲ್ಲಿನ ಸಂಖ್ಯಾ ಪದ್ಧತಿಯನ್ನು ಬಾಯಿಪಾಠ ಮಾಡಿಕೊಳ್ಳಿ. ದೊಡ್ಡವರ 32 ಹಲ್ಲುಗಳಿಗೆ 11ರಿಂದ 48ರವರೆಗಿನ ಎರಡಂಕಿಯ ಹೆಸರಿದೆ, ಮೊದಲ ಅಂಕೆ ಬಾಯಿಯ ಯಾವ ಕಾಲುಭಾಗ ಎಂಬುದನ್ನೂ ಎರಡನೆಯದು ನಡುವಿನಿಂದ ಎಷ್ಟನೆಯ ಹಲ್ಲು ಎಂಬುದನ್ನೂ ಹೇಳುತ್ತದೆ. ಮಕ್ಕಳ 20 ಹಾಲುಹಲ್ಲುಗಳಿಗೆ 51ರಿಂದ 85. ಇದೊಂದು ಸಲೀಸಾದರೆ ಆಸ್ಪತ್ರೆಯ ಅರ್ಧ ಮಾತು ಅರ್ಥವಾಗುತ್ತದೆ.

ಹಲ್ಲಿನ ಆಕಾರಶಾಸ್ತ್ರವನ್ನು ಪರೀಕ್ಷೆಗೆಂದು ಓದಿ ಮರೆಯುವವರೇ ಹೆಚ್ಚು, ನನಗೆ ಬೇಸರ ತರುವ ಸಂಗತಿ ಇದು. ದವಡೆ ಹಲ್ಲಿನ ಬೇರು ಎಲ್ಲಿ ಕವಲೊಡೆಯುತ್ತದೆ, ಯಾವ ಬದಿಯಲ್ಲಿ ತಗ್ಗಿದೆ ಎಂಬುದು ತಲೆಯಲ್ಲಿ ಇಲ್ಲದವರು ಒಸಡಿನ ಕೆಳಗಿನ ಕಿಟ್ಟವನ್ನು ತೆಗೆಯಲಾರರು, ಏಕೆಂದರೆ ಅಲ್ಲಿ ಕಣ್ಣಿಗೆ ಏನೂ ಕಾಣುವುದಿಲ್ಲ. ಮೆಟ್ಟುಗತ್ತಿಯ ಮುಂದೆ ಕುಳಿತು ಅಡಿಕೆ ಸುಲಿಯುವ ಹೆಂಗಸರ ಕೈ ಕತ್ತಿಯ ಅಲಗನ್ನು ನೋಡದೆಯೇ ತಿಳಿದಿರುವ ಹಾಗೆ, ನಮ್ಮ ಬೆರಳ ತುದಿ ಬೇರಿನ ಮೈಯನ್ನು ತಿಳಿದಿರಬೇಕು.

ಎರಡನೆಯ ವರ್ಷ ಒಸಡಿನ ರೋಗಗಳು, ಬಾಯಿಯ ರೋಗಶಾಸ್ತ್ರ, ಸಮುದಾಯ ದಂತ ಆರೋಗ್ಯ, ಆರೋಗ್ಯ ಶಿಕ್ಷಣ, ವೃತ್ತಿ ನೀತಿ ಮತ್ತು ಕಾನೂನು, ಪ್ರಥಮ ಚಿಕಿತ್ಸೆ, ದಾಖಲೆ ಬರೆಯುವುದು ಇತ್ಯಾದಿ ಪಾಠಗಳ ಜೊತೆಗೆ ಕ್ಲಿನಿಕ್ಕಿನ ಕೆಲಸ ತೀವ್ರವಾಗುತ್ತದೆ. ಅದಕ್ಕೆ ಮೊದಲು ಫ್ಯಾಂಟಮ್ ಹೆಡ್ ಎಂಬ ಗೊಂಬೆಯ ತಲೆಯ ಮೇಲೆ ಅಭ್ಯಾಸ. ಉಪಕರಣ ಹಿಡಿಯುವ ಬಗೆ, ಉಂಗುರ ಬೆರಳನ್ನು ಪಕ್ಕದ ಹಲ್ಲಿಗೆ ಆನಿಸಿ ಕೈಗೆ ಆಧಾರ ಕೊಡುವುದು, ಕನ್ನಡಿಯಲ್ಲಿ ನೋಡಿ ಕೆಲಸ ಮಾಡುವುದು, ರೋಗಿಯ ತಲೆಯ ಸುತ್ತ ಗಡಿಯಾರದ ಯಾವ ಅಂಕೆಯ ಜಾಗದಲ್ಲಿ ಕೂರಬೇಕೆಂಬುದು, ಇವೆಲ್ಲ ಇಲ್ಲಿಯೇ ಕೂಡಿಬರಬೇಕು. ಕಿಟ್ಟ ತೆಗೆಯುವ ಕ್ಯುರೆಟ್ ಎಂಬ ಕೈ ಉಪಕರಣವನ್ನು ಒಸಡಿನ ಕೆಳಗೆ ಇಳಿಸುವಾಗ ಅಲಗು ಹಲ್ಲಿಗೆ ಒರಗಿಕೊಂಡು ಸಮತಟ್ಟಾಗಿರಬೇಕು. ಕಿಟ್ಟ ಎಬ್ಬಿಸುವಾಗ ಕೋನ 45 ಡಿಗ್ರಿಗಿಂತ ಹೆಚ್ಚು, 90ಕ್ಕಿಂತ ಕಡಿಮೆ ಇರಬೇಕು. ಕೋನ ಕಡಿಮೆಯಾದರೆ ಕಿಟ್ಟದ ಮೇಲ್ಮೈ ಮಾತ್ರ ನಯವಾಗಿ ಕೂರುತ್ತದೆ, ಹೆಚ್ಚಾದರೆ ಒಸಡು ಹರಿಯುತ್ತದೆ. ಅಲ್ಟ್ರಾಸಾನಿಕ್ ಸ್ಕೇಲರ್ ಬಂದ ಮೇಲೆ ಕೈ ಉಪಕರಣ ಏಕೆ ಎಂದು ಕೇಳುವ ವಿದ್ಯಾರ್ಥಿಗಳಿದ್ದಾರೆ. ಯಂತ್ರ ಬೇಗ ಕೆಲಸ ಮಾಡುತ್ತದೆ ನಿಜ. ಆದರೆ ಕೊನೆಯಲ್ಲಿ ಬೇರು ನಯವಾಗಿದೆಯೇ ಎಂದು ಹೇಳುವುದು ಬೆರಳಿನ ಸ್ಪರ್ಶ. ಕೈ ಉಪಕರಣವನ್ನು ಕಲಿಸದ ಕಾಲೇಜಿಗೆ ಸೇರಬೇಡಿ.

ಇನ್ನು ಪ್ರೋಬ್. ಮಿಲಿಮೀಟರ್ ಗುರುತುಗಳಿರುವ ಈ ತೆಳು ಕಡ್ಡಿಯನ್ನು ಹಲ್ಲು ಮತ್ತು ಒಸಡಿನ ನಡುವಿನ ಸಂದಿಗೆ ಮೆಲ್ಲನೆ ಇಳಿಸಿ, ಪ್ರತಿ ಹಲ್ಲಿಗೂ ಆರು ಜಾಗಗಳಲ್ಲಿ ಆಳವನ್ನು ಅಳೆದು ಬರೆಯಬೇಕು. ಆರೋಗ್ಯವಂತ ಒಸಡಿನಲ್ಲಿ ಆಳ 1ರಿಂದ 3 ಮಿಲಿಮೀಟರ್. ಅದಕ್ಕಿಂತ ಹೆಚ್ಚಿದ್ದು ಮುಟ್ಟಿದ ತಕ್ಷಣ ರಕ್ತ ಬಂದರೆ ಒಳಗೆ ರೋಗ ನಡೆದಿದೆ ಎಂದರ್ಥ. ಬಾಯಿ ಪೂರ್ತಿ ಅಳೆಯುವುದು ತಾಳ್ಮೆಯ ಕೆಲಸ, ಆತುರದ ಕಾಲೇಜುಗಳಲ್ಲಿ ಇದನ್ನು ಕಲಿಸುವುದೇ ಇಲ್ಲ. ನೀವು ಭೇಟಿ ಕೊಟ್ಟಾಗ ವಿದ್ಯಾರ್ಥಿಯೊಬ್ಬರ ದಾಖಲೆ ಪುಸ್ತಕ ತೋರಿಸಿ ಎಂದು ವಿನಂತಿಸಿ. ಒಸಡಿನ ಆಳದ ಪಟ್ಟಿಗಳು ತುಂಬಿದ್ದರೆ, ಪ್ರತಿ ಪುಟದಲ್ಲೂ ಮೇಲ್ವಿಚಾರಕರ ಸಹಿ ಮತ್ತು ತಿದ್ದುಪಡಿ ಇದ್ದರೆ, ಅಲ್ಲಿ ಪಾಠ ನಡೆಯುತ್ತಿದೆ ಎಂದು ನಂಬಬಹುದು. ಸಹಿಗಳೆಲ್ಲ ಒಂದೇ ಶಾಯಿಯಲ್ಲಿ ಒಂದೇ ದಿನ ಹಾಕಿದಂತಿದ್ದರೆ ವಾಪಸು ಬನ್ನಿ.

ನಮ್ಮ ಮಲೆನಾಡಿಗೆ ಬೇಕಾದ ಇನ್ನೊಂದು ತರಬೇತಿ ಇದೆ, ಪಠ್ಯದಲ್ಲಿ ಅದಕ್ಕೆ ಸಿಗುವ ಪುಟಗಳು ಸಾಲವು. ಕವಳ ಹಾಕುವುದು ನಮ್ಮಲ್ಲಿ ಆದರಾತಿಥ್ಯದ ಭಾಗ. ಎಲೆ, ಅಡಿಕೆ, ಸುಣ್ಣ, ಕೆಲವರಿಗೆ ಹೊಗೆಸೊಪ್ಪು. ಅಡಿಕೆಯನ್ನೂ, ಹೊಗೆಸೊಪ್ಪಿಲ್ಲದ ಕವಳವನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. ಅಡಿಕೆಯಿಂದಲೇ ಊಟ ಕಾಣುವ ಮನೆಯ ಯಜಮಾನರಿಗೆ ಈ ವಿಷಯವನ್ನು ಹೇಗೆ ಹೇಳುವುದು? ಗದರಿದರೆ ಅವರು ಮುಂದಿನ ಸಲ ಬರುವುದಿಲ್ಲ. ಹೇಳದೆ ಬಿಟ್ಟರೆ ನಾವು ಕೆಲಸ ಮಾಡಿದಂತಾಗುವುದಿಲ್ಲ. ಖಾರ ತಿಂದರೆ ಉರಿ, ಕೆನ್ನೆಯ ಒಳಭಾಗ ಬಿಳಿಚಿಕೊಂಡು ಬಿಗಿಯಾಗುವುದು, ಬಾಯಿಯೊಳಗೆ ತಮ್ಮದೇ ಮೂರು ಬೆರಳು ಹೋಗದಿರುವುದು, ಇವು ಬಾಯಿಯ ಒಳಪದರ ಗಟ್ಟಿಯಾಗುವ ಸಬ್‌ಮ್ಯೂಕಸ್ ಫೈಬ್ರೋಸಿಸ್ ಎಂಬ ರೋಗದ ಲಕ್ಷಣಗಳು. ನಾಲಿಗೆಯ ಬದಿಯಲ್ಲೋ ಕೆನ್ನೆಯಲ್ಲೋ ಎರಡು ವಾರ ಕಳೆದರೂ ಮಾಯದ ಹುಣ್ಣನ್ನು ಕಂಡರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು. ನಿರ್ಣಯ ಹೇಳುವುದು ವೈದ್ಯರ ಕೆಲಸವೇ ಇರಬಹುದು, ಮೊದಲು ಕಾಣುವ ಕಣ್ಣು ಎಷ್ಟೋ ಬಾರಿ ನಮ್ಮದಾಗಿರುತ್ತದೆ. ಇಂತಹ ಬಾಯಿಗಳನ್ನು ವಿದ್ಯಾರ್ಥಿಯಾಗಿದ್ದಾಗಲೇ ನೋಡಿರಬೇಕು.

ಯಾವ ಊರಿನ ಕಾಲೇಜು

ಶಿವಮೊಗ್ಗದಲ್ಲಿ ಆಲ್ಕೊಳದ ಶರಾವತಿ ದಂತ ಕಾಲೇಜು ಇದೆ. ದಾವಣಗೆರೆಯಲ್ಲಿ 1979ರಲ್ಲಿ ಆರಂಭವಾದ ಬಾಪೂಜಿ ದಂತ ಕಾಲೇಜು ಮತ್ತು ಕಾಲೇಜ್ ಆಫ್ ಡೆಂಟಲ್ ಸೈನ್ಸಸ್ ಇವೆ. ಘಟ್ಟದ ಕೆಳಗೆ ಮಣಿಪಾಲ, ಮಂಗಳೂರು. ಬೆಂಗಳೂರಿನಲ್ಲಿ ವಿಕ್ಟೋರಿಯಾ ಆಸ್ಪತ್ರೆಯ ಆವರಣದ ಸರ್ಕಾರಿ ದಂತ ಕಾಲೇಜು. ಒಂದು ಎಚ್ಚರಿಕೆ: ಬಿಡಿಎಸ್ ಇರುವ ಕಡೆಯಲ್ಲೆಲ್ಲ ಹೈಜೀನಿಸ್ಟ್ ಡಿಪ್ಲೊಮಾ ಇರುವುದಿಲ್ಲ, ಇದ್ದರೂ ಪ್ರತಿ ವರ್ಷ ಪ್ರವೇಶ ನಡೆಯುತ್ತದೆ ಎನ್ನುವಂತಿಲ್ಲ. ಬಿಡಿಎಸ್‌ನ ಮಾನ್ಯತೆ ಪತ್ರ ತೋರಿಸಿದರೆ ಒಪ್ಪಬೇಡಿ, ಡಿಪ್ಲೊಮಾದ್ದನ್ನೇ ಕೇಳಿ.

ಆಮೇಲೆ ಬರುವುದು ರೋಗಿಗಳ ಲೆಕ್ಕ. ಒಸಡಿನ ವಿಭಾಗದಲ್ಲಿ ಎಂಡಿಎಸ್ ಎಂಬ ಸ್ನಾತಕೋತ್ತರ ಕೋರ್ಸ್ ಇರುವ ದೊಡ್ಡ ಕಾಲೇಜಿನಲ್ಲಿ ಒಳ್ಳೆಯ ಪ್ರಾಧ್ಯಾಪಕರು, ಹೊಸ ಉಪಕರಣ, ಕಷ್ಟದ ಪ್ರಕರಣಗಳು ಸಿಗುತ್ತವೆ. ಆದರೆ ಬಾಗಿಲಿಗೆ ಬಂದ ರೋಗಿಯನ್ನು ಮೊದಲು ಸ್ನಾತಕೋತ್ತರ ವಿದ್ಯಾರ್ಥಿ, ಆಮೇಲೆ ಇಂಟರ್ನ್, ಆಮೇಲೆ ಬಿಡಿಎಸ್ ಮೂರನೆಯ, ನಾಲ್ಕನೆಯ ವರ್ಷದವರು ಕರೆದೊಯ್ಯುತ್ತಾರೆ. ಡಿಪ್ಲೊಮಾದವರ ಸರದಿ ಬರುವಾಗ ಊಟದ ಹೊತ್ತು. ಚಿಕ್ಕ ಕಾಲೇಜಿನಲ್ಲಿ ಸರದಿ ಬೇಗ ಬರುತ್ತದೆ, ಆದರೆ ತಿದ್ದುವವರು ಪಕ್ಕದಲ್ಲಿ ಇರುವುದಿಲ್ಲ. ನನ್ನನ್ನು ಕೇಳಿದರೆ ದೊಡ್ಡ ಹೆಸರಿಗಿಂತ ಡಿಪ್ಲೊಮಾ ವಿದ್ಯಾರ್ಥಿಗಳಿಗೆಂದೇ ಕುರ್ಚಿ ಮೀಸಲಿಟ್ಟ, ಅವರಿಗೆಂದೇ ಒಬ್ಬ ಅಧ್ಯಾಪಕರನ್ನು ನೇಮಿಸಿದ ಕಾಲೇಜು ಮೇಲು. ಅದು ಎಲ್ಲಿದ್ದರೂ ಸರಿ. ಪ್ರವೇಶ ವಿಭಾಗದಲ್ಲಿ ಕೂತು ಕೇಳಿದರೆ ಇದು ತಿಳಿಯುವುದಿಲ್ಲ, ಬೆಳಿಗ್ಗೆ ಹೊರರೋಗಿ ವಿಭಾಗದ ಬೆಂಚಿನ ಮೇಲೆ ಕೂತರೆ ತಿಳಿಯುತ್ತದೆ.

ಊರು ಬದಲಾದರೆ ಬಾಯಿಯೂ ಬದಲಾಗುತ್ತದೆ. ದಾವಣಗೆರೆಗೆ ಜಗಳೂರಿನಂತಹ ಬಯಲುಸೀಮೆಯ ಕಡೆಯಿಂದ ಬರುವವರಲ್ಲಿ ಕೊಳವೆಬಾವಿ ನೀರಿನ ಫ್ಲೋರೈಡಿನಿಂದ ಕಂದು ಕಲೆಗಟ್ಟಿದ ಹಲ್ಲುಗಳನ್ನು ನೋಡಬಹುದು. ತೆರೆದ ಬಾವಿ, ಅಬ್ಬಿ ನೀರು ಕುಡಿಯುವ ನಮ್ಮ ಗುಡ್ಡಗಾಡಿನ ಮಕ್ಕಳಲ್ಲಿ ಅದು ಅಪರೂಪ, ಇಲ್ಲಿ ಹುಳುಕು ಹಲ್ಲು ಮತ್ತು ಕವಳದ ಕಲೆ ಹೆಚ್ಚು. ಫ್ಲೋರೋಸಿಸ್ ಕಲೆ ಹಲ್ಲಿನ ಒಳಗಿನದು, ಉಜ್ಜಿದರೆ ಹೋಗುವುದಿಲ್ಲ. ಕವಳದ ಕಲೆ ಹೊರಗಿನದು, ಸ್ಕೇಲಿಂಗ್ ಮಾಡಿ ಪ್ಯೂಮಿಸ್ ಪುಡಿ ಹಾಕಿ ಹೊಳಪು ಕೊಟ್ಟರೆ ಹೋಗುತ್ತದೆ. ಎರಡನ್ನೂ ನೋಡಿದ ಕೈಗೆ ಭರವಸೆ ಬೇರೆಯೇ. ಹಾಗಾಗಿ ಶಿವಮೊಗ್ಗದವರಿಗೆ 75 ಕಿಲೋಮೀಟರ್ ಆಚೆಯ ದಾವಣಗೆರೆ ನನ್ನ ದೃಷ್ಟಿಯಲ್ಲಿ ಕೆಟ್ಟ ಆಯ್ಕೆಯಲ್ಲ. ತೀರ್ಥಹಳ್ಳಿಯವರು ಮಣಿಪಾಲ ಹತ್ತಿರವೆಂದು ದಿನವೂ ಓಡಾಡುವ ಯೋಚನೆ ಮಾಡಬೇಡಿ. ಮಳೆಗಾಲದ ಆಗುಂಬೆ ಘಾಟಿಯನ್ನು ನಂಬಿ ಬೆಳಗಿನ ಕ್ಲಿನಿಕ್ಕಿಗೆ ಹಾಜರಾಗಲು ಆಗುವುದಿಲ್ಲ, ಹಾಸ್ಟೆಲ್ ಖರ್ಚನ್ನು ಸೇರಿಸಿಯೇ ಲೆಕ್ಕ ಹಾಕಿ.

ಶಾಲಾ ಶಿಬಿರಗಳು ನಡೆಯುತ್ತವೆಯೇ ಎಂದೂ ಕೇಳಿ. ಅಮೆರಿಕದ ಬ್ರಿಜ್‌ಪೋರ್ಟಿನಲ್ಲಿ ಆಲ್ಫ್ರೆಡ್ ಫೋನ್ಸ್ ಎಂಬ ದಂತವೈದ್ಯ 1913ರಲ್ಲಿ ಹೈಜೀನಿಸ್ಟರಿಗಾಗಿ ಮೊದಲ ಶಾಲೆ ತೆರೆದಾಗ, ಅಲ್ಲಿ ಕಲಿತವರಲ್ಲಿ ಅನೇಕರು ಹೋದದ್ದು ಊರಿನ ಶಾಲೆಗಳ ಮಕ್ಕಳ ಹಲ್ಲು ನೋಡಲು. ವೃತ್ತಿಯ ಬೇರು ಅಲ್ಲಿದೆ. ಹೊಸನಗರದ ಹಳ್ಳಿ ಶಾಲೆಯೊಂದರ ಜಗಲಿಯಲ್ಲಿ ಮಕ್ಕಳ ಹಲ್ಲಿಗೆ ಬಣ್ಣದ ದ್ರಾವಣ ಹಚ್ಚಿ ಪಾಚಿ ಎಲ್ಲಿದೆ ಎಂದು ಕನ್ನಡಿಯಲ್ಲಿ ತೋರಿಸಿಕೊಡುವ ವಿದ್ಯಾರ್ಥಿ ಕಲಿಯುವ ಪಾಠವನ್ನು ಕಾಲೇಜಿನ ಕಟ್ಟಡ ಕಲಿಸಲಾರದು.

ಕೆಲಸದ ಮಾತು

ಮುಚ್ಚುಮರೆಯಿಲ್ಲದೆ ಹೇಳಬೇಕು. ಶಿವಮೊಗ್ಗದ ಬಹುತೇಕ ಕ್ಲಿನಿಕ್ಕುಗಳಲ್ಲಿ ಹಲ್ಲು ಶುಚಿಗೊಳಿಸುವ ಕೆಲಸವನ್ನು ದಂತವೈದ್ಯರೇ ಮಾಡುತ್ತಾರೆ, ಹೈಜೀನಿಸ್ಟ್‌ಗೆ ಪ್ರತ್ಯೇಕ ಸಂಬಳ ಕೊಡುವಷ್ಟು ರೋಗಿಗಳು ಒಂದೇ ಕುರ್ಚಿಯ ಕ್ಲಿನಿಕ್ಕಿಗೆ ಬರುವುದಿಲ್ಲ. ಹಲವು ಕುರ್ಚಿಗಳ ಆಸ್ಪತ್ರೆಗಳು, ದಂತ ಕಾಲೇಜುಗಳು, ಬೆಂಗಳೂರಿನ ದೊಡ್ಡ ಕ್ಲಿನಿಕ್ಕುಗಳು ನಮಗೆ ಕೆಲಸ ಕೊಡುತ್ತವೆ. ಓದು ಮುಗಿದ ಮೇಲೆ ಕೆಲವು ವರ್ಷವಾದರೂ ಊರು ಬಿಡಲು ತಯಾರಿಲ್ಲದವರಿಗೆ ಮೆಕ್ಯಾನಿಕ್ ಡಿಪ್ಲೊಮಾ ಹೆಚ್ಚು ಕ್ಷೇಮ. ಏಮ್ಸ್ ಮತ್ತು ರೈಲ್ವೆಯ ಅರೆವೈದ್ಯಕೀಯ ನೇಮಕಾತಿಗಳಲ್ಲಿ ಡೆಂಟಲ್ ಹೈಜೀನಿಸ್ಟ್ ಹುದ್ದೆ ಬರುತ್ತದೆ, ಆದರೆ ಬೆರಳೆಣಿಕೆಯಷ್ಟು. ರೈಲ್ವೆಯವರು ಡಿಪ್ಲೊಮಾ ಜೊತೆಗೆ ಜೀವವಿಜ್ಞಾನದ ಪದವಿಯನ್ನೂ ಕೆಲಸದ ಅನುಭವವನ್ನೂ ಕೇಳಿದ್ದಾರೆ. ಸರ್ಕಾರಿ ಹುದ್ದೆಯೇ ಗುರಿಯಾದರೆ ಸಹ್ಯಾದ್ರಿ ವಿಜ್ಞಾನ ಕಾಲೇಜಿನಂತಹ ಕಡೆ ಬಿಎಸ್ಸಿ ಮುಗಿಸಿ ಆಮೇಲೆ ಡಿಪ್ಲೊಮಾಕ್ಕೆ ಬರುವುದು ಸುತ್ತುದಾರಿಯಂತೆ ಕಂಡರೂ ಸರಿಯಾದ ದಾರಿ.

ವಿದೇಶದ ಆಸೆ ಇಟ್ಟುಕೊಂಡವರಿಗೆ ಚುಟುಕಾಗಿ ಹೇಳುವುದಾದರೆ, ನಮ್ಮ ಡಿಪ್ಲೊಮಾ ಹಿಡಿದು ನೇರವಾಗಿ ಅಮೆರಿಕದಲ್ಲಿ ಹೈಜೀನಿಸ್ಟ್ ಆಗಲು ಸಾಧ್ಯವಿಲ್ಲ. ಅಲ್ಲಿ ಮಾನ್ಯತೆ ಪಡೆದ ಕಾಲೇಜಿನಲ್ಲಿಯೇ ಓದಿ, ರಾಷ್ಟ್ರೀಯ ಲಿಖಿತ ಪರೀಕ್ಷೆ ಬರೆದು, ರಾಜ್ಯದ ಪರವಾನಗಿ ಪಡೆಯಬೇಕು. ಅಲ್ಲಿ ಈ ವೃತ್ತಿಗಿರುವ ಸಂಬಳವನ್ನು ತೋರಿಸಿ ಇಲ್ಲಿಯ ಕೋರ್ಸ್ ಮಾರುವವರ ಮಾತಿಗೆ ಮರುಳಾಗಬೇಡಿ.

ಸೇರುವುದು ನಿಶ್ಚಯವಾದರೆ ಪುಸ್ತಕಕ್ಕಿಂತ ಮೊದಲು ಹೆಪಟೈಟಿಸ್ ಬಿ ಲಸಿಕೆಯ ವ್ಯವಸ್ಥೆ ಮಾಡಿಕೊಳ್ಳಿ. ಚೂಪಾದ ಉಪಕರಣ, ರಕ್ತ ಬೆರೆತ ಎಂಜಲು ನಮ್ಮ ನಿತ್ಯದ ಒಡನಾಡಿಗಳು. ಮೂರು ಡೋಸ್‌ಗಳು: ಮೊದಲನೆಯದಾದ ಒಂದು ತಿಂಗಳಿಗೆ ಎರಡನೆಯದು, ಆರನೆಯ ತಿಂಗಳಿಗೆ ಮೂರನೆಯದು. ಪ್ರವೇಶದ ವಾರದಲ್ಲಿಯೇ ಶುರು ಮಾಡಿದರೆ ರೋಗಿಯ ಬಾಯಿಗೆ ಕೈ ಹಾಕುವ ಹೊತ್ತಿಗೆ ಮೂರೂ ಮುಗಿದಿರುತ್ತವೆ. ಕೊನೆಯ ಡೋಸ್ ಆದ ಒಂದೆರಡು ತಿಂಗಳಿಗೆ ರಕ್ತಪರೀಕ್ಷೆ ಮಾಡಿಸಿ, ಪ್ರತಿರೋಧ ಶಕ್ತಿ ಬಂದಿದೆ ಎಂಬ ವರದಿಯನ್ನು ಅಂಕಪಟ್ಟಿಗಳ ಜೊತೆಗೇ ಇಟ್ಟುಕೊಳ್ಳಿ. ಕೆಲಸಕ್ಕೆ ಸೇರುವಾಗ ಒಳ್ಳೆಯ ಆಸ್ಪತ್ರೆಗಳು ಅದನ್ನು ಕೇಳುತ್ತವೆ.